ರೆವರೆಂಡ್ ಜಾನ್ ಲೋಥ್ರಪ್ ಮಕ್ಕಳ ದೀಕ್ಷಾಸ್ನಾನದ ತಾರೀಕು ತಾಳೆಯಾಗ್ತಿಲ್ಲ, ಎಲ್ಲಿಂದ ಹಿಡಿಯೋದು?

ಹಳೇಬೇರು
ಜಾನ್ ಲೋಥ್ರಪ್ ಇಂಗ್ಲೆಂಡಿನ ಕೆಂಟ್ ಸೀಮೆಯ ಎಗರ್ಟನ್‌ನಲ್ಲಿ ಪಾದ್ರಿಯಾಗಿದ್ದು 1634ರಲ್ಲಿ ಅಮೆರಿಕಕ್ಕೆ ಹೋದವರು. ಆನ್‌ಲೈನ್ ವಂಶವೃಕ್ಷಗಳಲ್ಲಿ ಇವರ ಸಂಸಾರದ ವಿವರ ಒಂದೊಂದು ಕಡೆ ಒಂದೊಂದು ಥರ ಇದೆ. ಹಿರಿಮಗ ಥಾಮಸ್‌ನ ದೀಕ್ಷಾಸ್ನಾನ (ಬ್ಯಾಪ್ಟಿಸಂ) ಒಂದು ಕಡೆ 21 ಫೆಬ್ರವರಿ 1612, ಇನ್ನೊಂದು ಕಡೆ 1613. ಮಗ ಜಾನ್‌ನದು 22 ಫೆಬ್ರವರಿ 1617 ಅಂತ ಕೆಲವರು, 1618 ಅಂತ ಕೆಲವರು. ಥಾಮಸ್‌ನ ಹೆಸರು ಎಗರ್ಟನ್ ಚರ್ಚಿನ ರಿಜಿಸ್ಟರಿನಲ್ಲೇ ಇಲ್ಲ. ಬೆಂಜಮಿನ್ ಅನ್ನೋ ಮಗ ಯಾವ ಊರಲ್ಲೂ ಸಿಗ್ತಿಲ್ಲ. ಹೊಸ ಪಾದ್ರಿಗಳ ನೇಮಕ ಬರೆದಿಡೋ ಬಿಷಪ್ಪರ ಪುಸ್ತಕದಲ್ಲಿ ಲೋಥ್ರಪ್ ಎಗರ್ಟನ್‌ಗೆ ಬಂದ ದಾಖಲೆಯೂ ಕಾಣಲಿಲ್ಲ. ಎಲ್ಲಿಂದ ಶುರು ಮಾಡಬೇಕು?

ಪಂಚಾಂಗದವ
ಎರಡು ತಾರೀಕಿನ ಸಮಸ್ಯೆ ಮೊದಲು ಬಗೆಹರಿಸೋಣ, ಅದು ಸುಲಭ. ಆಗಿನ ಇಂಗ್ಲೆಂಡಿನಲ್ಲಿ ಹೊಸ ವರ್ಷ ಜನವರಿ 1ಕ್ಕಲ್ಲ, ಮಾರ್ಚ್ 25ಕ್ಕೆ. ಯುಗಾದಿ ಬರೋವರೆಗೂ ನಮ್ಮಲ್ಲಿ ಹಳೆಯ ಸಂವತ್ಸರದ ಹೆಸರನ್ನೇ ಹೇಳೋ ಹಾಗೆ, ಅವರು ಫೆಬ್ರವರಿ ಇಡೀ ಹಳೆಯ ಇಸವಿಯನ್ನೇ ಬರೀತಿದ್ದರು. ರಿಜಿಸ್ಟರಿನಲ್ಲಿ ‘1612ರ ಫೆಬ್ರವರಿ’ ಅಂತಿದ್ದರೆ ನಮ್ಮ ಲೆಕ್ಕಕ್ಕೆ ಅದು 1613. ಗೊತ್ತಿದ್ದವರು 1612/13 ಅಂತ ಎರಡನ್ನೂ ಬರೀತಾರೆ. ಗೊತ್ತಿಲ್ಲದವರು ಒಂದನ್ನು ಅಳಿಸಿಬಿಡ್ತಾರೆ, ಆಮೇಲೆ ಇನ್ನೊಬ್ಬರು ‘ತಿದ್ದುಪಡಿ’ ಅಂತ ಮತ್ತೊಂದು ವರ್ಷ ಕೂಡಿಸ್ತಾರೆ. ಒಂದೇ ಮಗುವಿಗೆ 1612, 1613, 1614 ಮೂರೂ ಹುಟ್ಟಿಕೊಳ್ಳೋದು ಹೀಗೆ.

ಈ ಪದ್ಧತಿ ನಡೆದದ್ದು 1751ರವರೆಗೆ. 1752ರಿಂದ ಜನವರಿ 1 ಹೊಸ ವರ್ಷವಾಯ್ತು, ಅದೇ ವರ್ಷ ಸೆಪ್ಟೆಂಬರ್ 2ರ ಮರುದಿನ ಸೆಪ್ಟೆಂಬರ್ 14 ಬಂತು. ಮಾರ್ಚ್ ತಿಂಗಳಂತೂ ಎರಡು ಹೋಳು: 24ರವರೆಗೆ ಹಳೆಯ ವರ್ಷ, 25ರಿಂದ ಹೊಸದು. ರಿಜಿಸ್ಟರಿನ ಪುಟದಲ್ಲಿ ಇಸವಿಯ ತಲೆಬರಹ ಎಲ್ಲಿ ಬದಲಾಗಿದೆ ಅಂತ ನೋಡಿದರೆ ಬರೆದವರ ಲೆಕ್ಕ ಗೊತ್ತಾಗುತ್ತೆ.

ಹಳೇಬೇರು
ಸರಿ, ಆದರೆ ವೃಕ್ಷದಲ್ಲಿ ಬರೀ ‘1613’ ಇದ್ದರೆ ಅದು ಮೂಲದಲ್ಲಿದ್ದ ಇಸವಿಯೋ, ತಿದ್ದಿದ್ದೋ? ಮೂಲದಲ್ಲೇ 1613 ಇದ್ದರೆ ನಿಜವಾದ ವರ್ಷ 1614 ಆಗಬೇಕಲ್ಲ.

ಪಂಚಾಂಗದವ
ಒಳ್ಳೆ ಪ್ರಶ್ನೆ. ಮೂಲ ಪುಟ ನೋಡೋದೇ ಸರಿ, ಆದರೆ ಅದಕ್ಕೂ ಮುಂಚೆ ಮನೆಯಲ್ಲೇ ಕೂತು ವಾರ ನೋಡಬಹುದು. ಮಕ್ಕಳಿಗೆ ಭಾನುವಾರ ಅಥವಾ ಹಬ್ಬದ ದಿನವೇ ದೀಕ್ಷಾಸ್ನಾನ ಕೊಡಬೇಕು ಅಂತ ಆಂಗ್ಲಿಕನ್ ಪ್ರಾರ್ಥನಾ ಪುಸ್ತಕದಲ್ಲಿತ್ತು. ಹಾಗಾಗಿ ತಾರೀಕು ಸರಿಯಿದ್ದರೆ ಬಹುಪಾಲು ಭಾನುವಾರವೇ ಬರಬೇಕು.

ಲೆಕ್ಕ ಹೀಗೆ: ತಾರೀಕಿಗೆ 10 ದಿನ ಕೂಡಿಸಿ (1700ರ ಫೆಬ್ರವರಿ ಮುಗಿಯೋವರೆಗೆ 10, ಅಲ್ಲಿಂದ 1752ರ ಸೆಪ್ಟೆಂಬರ್‌ವರೆಗೆ 11). ಇಸವಿಗೆ 400 ಕೂಡಿಸಿ. ಬಂದ ದಿನಾಂಕವನ್ನು ಮೊಬೈಲಿನ ಕ್ಯಾಲೆಂಡರಿನಲ್ಲಿ ನೋಡಿ. ನಾನೂರು ವರ್ಷಕ್ಕೆ ಸರಿಯಾಗಿ 146097 ದಿನ, ಅಂದರೆ 20871 ವಾರ, ಒಂದು ದಿನವೂ ಉಳಿಯಲ್ಲ. ಅದಕ್ಕೇ ವಾರ ಬದಲಾಗಲ್ಲ.

ಥಾಮಸ್: 21 ಫೆಬ್ರವರಿ 1613 → 3 ಮಾರ್ಚ್ 2013, ಭಾನುವಾರ. 1612 ಅಂತ ಹಿಡಿದರೆ 2 ಮಾರ್ಚ್ 2012, ಶುಕ್ರವಾರ. 1614 ಅಂತ ಹಿಡಿದರೆ ಸೋಮವಾರ.
ಆ್ಯನ್: 12 ಮೇ 1616 → 22 ಮೇ 2016, ಭಾನುವಾರ.
ಜಾನ್: 22 ಫೆಬ್ರವರಿ 1618 → 4 ಮಾರ್ಚ್ 2018, ಭಾನುವಾರ. 1617 ಅಂದರೆ ಶನಿವಾರ.
ಬಾರ್ಬರಾ: 31 ಅಕ್ಟೋಬರ್ 1619 → 10 ನವೆಂಬರ್ 2019, ಭಾನುವಾರ.
ತಂದೆಯದ್ದು, ಯಾರ್ಕ್‌ಶೈರಿನ ಎಟನ್‌ನಲ್ಲಿ: 20 ಡಿಸೆಂಬರ್ 1584 → 30 ಡಿಸೆಂಬರ್ 1984. ಅದೂ ಭಾನುವಾರ.

ಜೇನ್ ಒಬ್ಬಳದೇ ಬೇರೆ. 29 ಸೆಪ್ಟೆಂಬರ್ 1614 ಗುರುವಾರ ಬರುತ್ತೆ. ಆದರೆ ಸೆಪ್ಟೆಂಬರ್ 29 ಸಂತ ಮೈಕೇಲನ ಹಬ್ಬ. ಅಲ್ಲಿಗೆ ಅದೂ ಸರಿಹೋಯ್ತು.

ಬಯಲುಸೀಮೆ
ಇದಕ್ಕೊಂದು ಎಚ್ಚರಿಕೆ ಸೇರಿಸ್ತೀನಿ. ವಾರ ತಾಳೆಯಾಗದಿದ್ದರೆ ತಾರೀಕು ತಪ್ಪು ಅಂತ ತೀರ್ಮಾನ ಮಾಡಬೇಡಿ. ಮಗು ಸಾಯೋ ಹಾಗಿದ್ದರೆ ಮನೆಯಲ್ಲೇ, ಯಾವ ವಾರವಾದರೂ ದೀಕ್ಷಾಸ್ನಾನ ಆಗ್ತಿತ್ತು. ಅಂಥ ಮಗುವಿನ ಹೆಸರು ಎಷ್ಟೋ ಸಲ ಒಂದೆರಡು ದಿನದಲ್ಲೇ ಸಮಾಧಿ ಪಟ್ಟಿಯಲ್ಲಿ ಸಿಗುತ್ತೆ. ಮದುವೆ, ಸಮಾಧಿಗೆ ಈ ಪರೀಕ್ಷೆ ನಡೆಯೋದೇ ಇಲ್ಲ.

ಮಕ್ಕಳ ನಡುವಿನ ಅಂತರವನ್ನೂ ನೋಡಿ. ಆ್ಯನ್ 1616ರ ಮೇ, ಜಾನ್ 1617ರ ಫೆಬ್ರವರಿ ಅಂದರೆ ನಡುವೆ ಬರೀ ಒಂಬತ್ತು ತಿಂಗಳು ಹತ್ತು ದಿನ. ಆ ವಂಶವೃಕ್ಷ ಬರೆದವರಿಗೆ ಅಲ್ಲೇ ಅನುಮಾನ ಬರಬೇಕಿತ್ತು. 1618 ಅಂತ ಇಟ್ಟರೆ ಐದೂ ಮಕ್ಕಳ ಅಂತರ 19ರಿಂದ 21 ತಿಂಗಳಿಗೆ ಬಂದು ಕೂರುತ್ತೆ.

ತುಂಗಾತೀರ
ಥಾಮಸ್ ಎಗರ್ಟನ್‌ನಲ್ಲಿ ಇಲ್ಲದಿರೋದಕ್ಕೆ ಕಾರಣ ನಮ್ಮವರಿಗೆ ಹೇಳಿಕೊಡಬೇಕಾ? ಚೊಚ್ಚಲ ಹೆರಿಗೆ, ತವರುಮನೆ! ಹೆಂಡತಿ ಹಾನಾ ಈಸ್ಟ್‌ವೆಲ್‌ನ ಪಾದ್ರಿ ಜಾನ್ ಹೌಸ್ ಅವರ ಮಗಳು. ಮದುವೆ 1610ರಲ್ಲಿ ಆದದ್ದೂ ಈಸ್ಟ್‌ವೆಲ್‌ನಲ್ಲೇ, ಥಾಮಸ್‌ನ ದೀಕ್ಷಾಸ್ನಾನವೂ ಅಲ್ಲೇ. ಮೊದಲ ಮಗು ಗಂಡನ ಊರಲ್ಲಿ ಸಿಗದಿದ್ದರೆ ಹೆಂಡತಿಯ ಊರಿನ ರಿಜಿಸ್ಟರ್ ತೆಗೆಯೋದು ಇಂಗ್ಲೆಂಡಿನ ಹುಡುಕಾಟದಲ್ಲೂ ಮೊದಲ ಹೆಜ್ಜೆ. ಪಾದ್ರಿಯ ಮಗಳನ್ನು ಪಾದ್ರಿಯೇ ಮದುವೆಯಾಗೋದು ಆಗ ತೀರಾ ಸಾಮಾನ್ಯ. ಹಾಗಾಗಿ ಒಂದು ವಂಶ ಹುಡುಕೋಕೆ ಹೋದರೆ ಎರಡು ಮೂರು ಪಾದ್ರಿ ಮನೆತನ ಒಟ್ಟಿಗೇ ಸಿಗುತ್ತೆ.

ಮದುವೆಗೆ ರಿಜಿಸ್ಟರಿನ ಜೊತೆ ಲೈಸೆನ್ಸನ್ನೂ ನೋಡಿ. ಪಾದ್ರಿಗಳು ಚರ್ಚಿನಲ್ಲಿ ಮೂರು ಭಾನುವಾರ ಮದುವೆಯ ಪ್ರಕಟಣೆ ಕೂಗಿಸೋ ಬದಲು ದುಡ್ಡು ಕಟ್ಟಿ ಲೈಸೆನ್ಸ್ ತಗೊಳ್ಳೋದು ಹೆಚ್ಚು. ಈ ಊರುಗಳು ಸೇರೋ ಕ್ಯಾಂಟರ್ಬರಿಯ ಲೈಸೆನ್ಸುಗಳ ಸಾರ 1568ರಿಂದ ಮುಂದಿನದು ಅಚ್ಚಾಗಿದೆ. ಲೈಸೆನ್ಸ್ ಅಂದರೆ ಅನುಮತಿ ಅಷ್ಟೇ. ಅದರ ತಾರೀಕನ್ನೇ ಮದುವೆಯ ತಾರೀಕು ಅಂತ ಬರೆದಿಡೋದು ಈ ವೃಕ್ಷಗಳ ಇನ್ನೊಂದು ಕಾಯಿಲೆ.

ಶಾನುಭೋಗ
ಹಳೇಬೇರು ಅವರೇ, ನೀವು ಹೆಸರು ಹಿಡಿದು ಹುಡುಕ್ತಿದ್ದೀರಿ. ಪಾದ್ರಿಯ ವಿಷಯದಲ್ಲಿ ಹುದ್ದೆ ಹಿಡಿದು ಹುಡುಕಬೇಕು. ರೈತನ ಸಂಸಾರ ಒಂದೇ ಊರಲ್ಲಿ ಮೂರು ತಲೆಮಾರು ಸಿಗುತ್ತೆ. ಪಾದ್ರಿ ಹಾಗಲ್ಲ, ವರ್ಗವಾಗೋ ಸರ್ಕಾರಿ ನೌಕರನ ಥರ. ಎಟನ್‌ನಲ್ಲಿ ಹುಟ್ಟಿದವನು ಸುಮಾರು ಇನ್ನೂರು ಮೈಲಿ ದೂರದ ಕೆಂಟ್‌ನಲ್ಲಿ ಸಿಗೋದು ಅದಕ್ಕೇ. ಹುದ್ದೆಯ ದಾಖಲೆಯಿಂದ ಯಾವ ವರ್ಷ ಯಾವ ಊರು ಅಂತ ಮೊದಲು ಒಂದು ಪಟ್ಟಿ ಮಾಡಿ, ಆಮೇಲೆ ಆ ಊರುಗಳ ರಿಜಿಸ್ಟರ್ ತೆಗೀರಿ.

ಮೊದಲು ವಿಶ್ವವಿದ್ಯಾಲಯ. ಕೇಂಬ್ರಿಜ್, ಆಕ್ಸ್‌ಫರ್ಡ್ ಎರಡಕ್ಕೂ ಹಳೆಯ ವಿದ್ಯಾರ್ಥಿಗಳ ಅಚ್ಚಾದ ಪಟ್ಟಿ ಇದೆ. ಲೋಥ್ರಪ್ ಕೇಂಬ್ರಿಜ್‌ನ ಕ್ವೀನ್ಸ್ ಕಾಲೇಜಿನವರು, ಎಂ.ಎ. 1609. ಆಕ್ಸ್‌ಫರ್ಡ್ ಪಟ್ಟಿಯಲ್ಲಿ ತಂದೆಯ ದರ್ಜೆಯೂ ಇರುತ್ತೆ: ‘ಪ್ಲೆಬ್’ ಅಂದರೆ ಸಾಮಾನ್ಯ ಮನೆಯವನು, ‘ಜೆನ್’ ಅಂದರೆ ಜಂಟಲ್‌ಮನ್, ‘ಕ್ಲೆರ್ ಫಿಲ್’ ಅಂದರೆ ಪಾದ್ರಿಯ ಮಗ. ಇದು ಕಂಡರೆ ಅಪ್ಪನ ಹುದ್ದೆಯನ್ನೂ ಇದೇ ಥರ ಹುಡುಕಬಹುದು. ಕೇಂಬ್ರಿಜ್‌ನಲ್ಲಿ ‘ಸೈಜರ್’ ಅಂತಿದ್ದರೆ ಫೀಸಿಗೆ ಬದಲಾಗಿ ಕಾಲೇಜಿನಲ್ಲಿ ಕೆಲಸ ಮಾಡಿ ಓದಿದ ಹುಡುಗ.

ಆಮೇಲೆ ಇಂಗ್ಲೆಂಡ್ ಚರ್ಚಿನ ಪಾದ್ರಿಗಳ ಡೇಟಾಬೇಸ್. 1540ರಿಂದ 1835ರವರೆಗಿನ ಪಾದ್ರಿ ದೀಕ್ಷೆ, ನೇಮಕ, ರಾಜೀನಾಮೆ ಎಲ್ಲ ಒಂದೇ ಕಡೆ, ಉಚಿತ. ಅದರಲ್ಲಿ ಒಬ್ಬನೇ ಮನುಷ್ಯ ಎರಡು ಮೂರು ಕಾಗುಣಿತದಲ್ಲಿ ಬೇರೆ ಬೇರೆ ವ್ಯಕ್ತಿಯಾಗಿ ಕೂತಿರಬಹುದು. ಲೋಥ್ರಪ್, ಲೇಥ್ರಪ್, ಲೌಥ್ರಪ್ ಎಲ್ಲ ಹಾಕಿ ನೋಡಿ. ಯಾರ್ಕ್‌ಶೈರಿನ ಲೌಥೋರ್ಪ್ ಅನ್ನೋ ಊರಿನಿಂದ ಬಂದ ಮನೆಹೆಸರು ಇದು. 1604ರ ಚರ್ಚ್ ಕಾನೂನಿನ ಪ್ರಕಾರ ಡೀಕನ್ (ಪಾದ್ರಿ ದೀಕ್ಷೆಯ ಮೊದಲ ಮೆಟ್ಟಿಲು) ಆಗೋಕೆ 23, ಪ್ರೀಸ್ಟ್ (ಪೂರ್ಣ ಪಾದ್ರಿ) ಆಗೋಕೆ 24 ತುಂಬಿರಬೇಕು. ಪ್ರೀಸ್ಟ್ ಆದ ವರ್ಷದಿಂದ 24 ಕಳೆದರೆ ಹುಟ್ಟಿದ್ದು ಅದಕ್ಕಿಂತ ಈಚೆಗಲ್ಲ ಅಂತ ಗೊತ್ತಾಗುತ್ತೆ.

ಇನ್ನು ಎಗರ್ಟನ್ ನೇಮಕ ಸಿಗದ ವಿಷಯ. ಎಗರ್ಟನ್ ಸ್ವತಂತ್ರ ಪ್ಯಾರಿಷ್ (ಒಂದು ಚರ್ಚಿನ ಸೀಮೆ) ಆಗಿರಲಿಲ್ಲ, ಚೇರಿಂಗ್ ಚರ್ಚಿಗೆ ಸೇರಿದ ಉಪಚರ್ಚು. ಅಲ್ಲಿದ್ದವರು ಪರ್ಪೆಚುಯಲ್ ಕ್ಯುರೇಟ್, ಅಂದರೆ ಉಪಚರ್ಚಿನ ಕಾಯಂ ಪಾದ್ರಿ. ರೆಕ್ಟರ್, ವಿಕಾರ್ (ಪ್ಯಾರಿಷ್‌ನ ಮುಖ್ಯ ಪಾದ್ರಿ) ಆದವರಿಗೆ ಬಿಷಪ್ ವಿಧಿವತ್ತಾಗಿ ಹುದ್ದೆ ವಹಿಸಿಕೊಡ್ತಿದ್ದರು. ಅದರ ವರದಿ ಎಕ್ಸ್‌ಚೆಕರ್‌ಗೂ (ರಾಜನ ಖಜಾನೆ) ಹೋಗ್ತಿತ್ತು, ಅವು ಈಗ ಲಂಡನ್ನಿನ ಕ್ಯೂ ಅನ್ನೋ ಕಡೆ ಇರೋ ನ್ಯಾಷನಲ್ ಆರ್ಕೈವ್ಸ್‌ನಲ್ಲಿ ಇ 331 ಸರಣಿ. ಕ್ಯುರೇಟ್‌ಗೆ ಅದ್ಯಾವುದೂ ಇಲ್ಲ, ಬರೀ ಲೈಸೆನ್ಸ್. ಹಾಗಾಗಿ ಅವರ ಹೆಸರು ಸಿಗೋದು ಪಾದ್ರಿಗಳು ಸಹಿ ಹಾಕಿ ಒಪ್ಪಿಕೊಳ್ಳೋ ಪುಸ್ತಕದಲ್ಲಿ, ಇಲ್ಲವೇ ತಪಾಸಣೆಗೆ ಬಂದಾಗ ಎಲ್ಲರನ್ನೂ ಕರೆದು ಗುರುತು ಹಾಕೋ ಹಾಜರಿ ಪುಸ್ತಕದಲ್ಲಿ.

ಮೋಡಿಲಿಪಿ
ಶಾನುಭೋಗರು ಹೇಳಿದ್ದು ಸರಿ, ಒಂದು ಬಿಟ್ಟಿದ್ದಾರೆ. ನೀವು ನೋಡೋ ರಿಜಿಸ್ಟರ್ ಮೂಲವೇ ಅಲ್ಲದಿರಬಹುದು. ಪ್ರತಿ ಪ್ಯಾರಿಷ್ ರಿಜಿಸ್ಟರ್ ಇಡಬೇಕು ಅಂತ ಥಾಮಸ್ ಕ್ರಾಮ್‌ವೆಲ್ ಆಜ್ಞೆ ಹೊರಡಿಸಿದ್ದು 1538ರಲ್ಲಿ. ಜನ ಬಿಡಿ ಕಾಗದದಲ್ಲಿ ಬರೆದರು, ಎಷ್ಟೋ ಹಾಳಾದವು. 1598ರಲ್ಲಿ ಎಲ್ಲವನ್ನೂ ಚರ್ಮದ ಹಾಳೆಗೆ ನಕಲು ಮಾಡಿ ಅಂತ ಅಪ್ಪಣೆ ಬಂತು, ಅದರಲ್ಲೂ ಎಲಿಜಬೆತ್ ರಾಣಿಯ ಮೊದಲ ವರ್ಷದಿಂದ ಮಾಡಿ ಅಂತ. ‘ಅದರಲ್ಲೂ’ ಅನ್ನೋ ಮಾತು ಹಿಡಿದುಕೊಂಡು ಎಷ್ಟೋ ಪಾದ್ರಿಗಳು 1558ರಿಂದಷ್ಟೇ ನಕಲು ಮಾಡಿ ಕೈತೊಳೆದುಕೊಂಡರು. ಇಂಗ್ಲೆಂಡಿನ ಎಷ್ಟೋ ರಿಜಿಸ್ಟರ್ 1558ಕ್ಕೇ ಶುರುವಾಗೋದು ಇದರಿಂದ.

ಪಾದ್ರಿ ವಂಶ ಹುಡುಕುವವರು ಬೀಳೋ ದೊಡ್ಡ ಹಳ್ಳ ಇಲ್ಲಿದೆ. ನಕಲು ಮಾಡಿಸಿದ ಪಾದ್ರಿ ಪ್ರತಿ ಪುಟದ ಕೆಳಗೂ ಸಹಿ ಹಾಕ್ತಿದ್ದ. ಶೇಕ್ಸ್‌ಪಿಯರ್ ದೀಕ್ಷಾಸ್ನಾನ ಇರೋ ಸ್ಟ್ರಾಟ್‌ಫರ್ಡ್ ರಿಜಿಸ್ಟರ್ ನೋಡಿ. 26 ಏಪ್ರಿಲ್ 1564ರ ಪುಟದ ಕೆಳಗೆ ವಿಕಾರ್ ರಿಚರ್ಡ್ ಬೈಫೀಲ್ಡ್ ಸಹಿ ಇದೆ. ಅವರು ಸ್ಟ್ರಾಟ್‌ಫರ್ಡ್‌ಗೆ ಬಂದದ್ದೇ 1590ರ ದಶಕದ ಕೊನೆಗೆ, ಸಹಿ 1600ರಲ್ಲಿ ನಕಲಾದಾಗಿನದು. ಸಹಿ ನಂಬಿದರೆ ಬೈಫೀಲ್ಡ್ ನಲವತ್ತು ವರ್ಷ ಅಲ್ಲೇ ಇದ್ದರು ಅಂತಾಗಿಬಿಡುತ್ತೆ. ಪರೀಕ್ಷೆ ಸುಲಭ: ಎಷ್ಟೋ ವರ್ಷದ ನಮೂದು ಒಂದೇ ಕೈ, ಒಂದೇ ಶಾಯಿ, ಸಮನಾದ ಸಾಲು ಅಂದರೆ ನಕಲು. ಆಗಿಂದಾಗಲೇ ಬರೆದದ್ದಾದರೆ ಶಾಯಿ ಕಪ್ಪು ಕಂದು ಆಗ್ತಿರುತ್ತೆ, ಪಾದ್ರಿ ಬದಲಾದಾಗ ಕೈಬರಹ ಬದಲಾಗುತ್ತೆ. ಆ ಬದಲಾವಣೆಯ ತಿಂಗಳೇ ಹೊಸಬ ಬಂದ ಕಾಲಕ್ಕೆ ಒಳ್ಳೆ ಸುಳಿವು.

ಅದೇ ಆಜ್ಞೆಯಲ್ಲಿ ವರ್ಷಕ್ಕೊಮ್ಮೆ ಬಿಷಪ್ಪರಿಗೆ ಪ್ರತಿ ಕಳಿಸಬೇಕು ಅಂತಲೂ ಇತ್ತು. ಕ್ಯಾಂಟರ್ಬರಿ ಕಡೆ ಇನ್ನೂ ಅನುಕೂಲ, ಆರ್ಚ್‌ಡೀಕನ್‌ಗೆ (ಬಿಷಪ್ಪರ ಕೈಕೆಳಗಿನ ಅಧಿಕಾರಿ) ಒಂದು, ಬಿಷಪ್ ಕಚೇರಿಗೆ ಒಂದು ಹೋಗ್ತಿತ್ತು. ರಿಜಿಸ್ಟರ್, ಎರಡು ಪ್ರತಿ, ಮೂರನ್ನೂ ಪಕ್ಕಪಕ್ಕ ಇಟ್ಟು ಓದಿ. ಒಂದರಲ್ಲಿ ಬಿಟ್ಟುಹೋದ ಮಗು ಇನ್ನೊಂದರಲ್ಲಿ ಸಿಗಬಹುದು. ಎಟನ್‌ಗಾದರೆ ರಿಜಿಸ್ಟರ್ ಬೆವರ್ಲಿಯ ಈಸ್ಟ್ ರೈಡಿಂಗ್ ಆರ್ಕೈವ್ಸ್, ಬಿಷಪ್ ಪ್ರತಿ ಯಾರ್ಕ್‌ನ ಬೋರ್ಥ್‌ವಿಕ್ ದಾಖಲೆ ಸಂಗ್ರಹ.

ಈಸ್ಟ್‌ವೆಲ್ ಪುಸ್ತಕ ತೆಗೆದಾಗ 1550ರ ಡಿಸೆಂಬರ್ 22ರ ಸಮಾಧಿಯನ್ನೂ ನೋಡಿಬಿಡಿ, ‘ರಿಚರ್ಡ್ ಪ್ಲಾಂಟಾಜೆನೆಟ್’ ಅಂತಿದೆ. ಮೂರನೇ ರಿಚರ್ಡ್ ರಾಜನ ಮಗ ಇಟ್ಟಿಗೆ ಕೆಲಸ ಮಾಡಿಕೊಂಡು ಅಲ್ಲಿ ಬದುಕಿದ್ದ ಅನ್ನೋ ಕತೆಗೆ ಇರೋ ಆಧಾರ ಈ ಒಂದು ಸಾಲು. ಅದೂ ನಕಲು ಮಾಡಿದ ಸಾಲೇ! ಆ ಚರ್ಚಿನ ಚಾವಣಿ 1951ರಲ್ಲಿ ಕುಸಿದು ಈಗ ಹಾಳುಗೋಡೆ ಉಳಿದಿದೆ.

ಬಯಲುಸೀಮೆ
ಅಕ್ಷರದ ಬಗ್ಗೆಯೂ ಬರೀರಿ ಮೋಡಿಲಿಪಿ ಸಾರ್, ಹೆಸರಿಗೆ ತಕ್ಕ ಕೆಲಸ.

ಮೋಡಿಲಿಪಿ
ಬರೆದೆ. ಆಗಿನ ಕೈಬರಹಕ್ಕೆ ಸೆಕ್ರೆಟರಿ ಹ್ಯಾಂಡ್ ಅಂತಾರೆ. ಅದರ ‘ಸಿ’ ಇಂದಿನ ‘ಆರ್’ ಥರ ಕಾಣುತ್ತೆ, ‘ಇ’ ತಿರುಗಿ ಕೂತಿರುತ್ತೆ, ‘ಹೆಚ್’ ಬಾಲ ಸಾಲಿನ ಕೆಳಗೆ ಇಳಿಯುತ್ತೆ. ಹೆಸರಿನ ಮೊದಲಲ್ಲಿ ಎರಡು ‘ಎಫ್’ ಇದ್ದರೆ ಅದು ದೊಡ್ಡಕ್ಷರದ ಒಂದು ‘ಎಫ್’. ರೋಮನ್ ಅಂಕಿಯ ಕೊನೆಯ ‘ಐ’ಗೆ ಬಾಲ ಎಳೆದು ‘ಜೆ’ ಮಾಡ್ತಿದ್ದರು. ಮೊದಲು ಗೊತ್ತಿರೋ ಪದ ಹುಡುಕಿ, ‘ಸನ್ ಆಫ್’, ‘ಡಾಟರ್ ಆಫ್’, ತಿಂಗಳ ಹೆಸರು. ಅದರಿಂದ ಆ ಬರೆಹಗಾರನ ಅಕ್ಷರಮಾಲೆ ಒಂದು ಹಾಳೆಯಲ್ಲಿ ಬರೆದುಕೊಳ್ಳಿ, ಆಮೇಲೆ ಮನೆಹೆಸರಿಗೆ ಕೈ ಹಾಕಿ.

‘7ಬರ್’ ಅಂತ ಬರೆದಿದ್ದರೆ ಜುಲೈ ಅಲ್ಲ, ಸೆಪ್ಟೆಂಬರ್. 8ಬರ್ ಅಕ್ಟೋಬರ್, 9ಬರ್ ನವೆಂಬರ್, 10ಬರ್ ಡಿಸೆಂಬರ್. ಮಾರ್ಚ್ ತಿಂಗಳಿಂದ ಎಣಿಸಿ ನೋಡಿ. ಲ್ಯಾಟಿನ್‌ನಲ್ಲಿ ‘ಜಾಕೋಬಸ್’ ಅಂದರೆ ಜೇಮ್ಸ್, ‘ಎಜಿಡಿಯಸ್’ ಅಂದರೆ ಜೈಲ್ಸ್, ‘ರೆಲಿಕ್ಟಾ’ ಅಂದರೆ ವಿಧವೆ. ‘ಕ್ಲೆರಿಕಸ್’ ಅಥವಾ ‘ಕ್ಲರ್ಕ್’ ಅಂದರೆ ಸಾಮಾನ್ಯವಾಗಿ ಪಾದ್ರಿ, ಆದರೆ ‘ಪ್ಯಾರಿಷ್ ಕ್ಲರ್ಕ್’ ಅಂದರೆ ಪಾದ್ರಿಯ ಜೊತೆ ಆಮೆನ್ ಹೇಳೋ ಊರಿನ ನೌಕರ. 16ನೇ ಶತಮಾನದಲ್ಲಿ ‘ಸರ್ ಜಾನ್’ ಅಂತಿದ್ದರೆ ನೈಟ್ ಪದವಿ ಅಂತ ಹಿಗ್ಗಬೇಡಿ, ಪದವಿ ಓದದ ಪಾದ್ರಿಯನ್ನು ಹಾಗೆ ಕರೀತಿದ್ದರು.

ತುಂಗಾತೀರ
ಉಯಿಲಿನಲ್ಲಿ ಸಂಬಂಧದ ಪದಗಳೂ ಹೀಗೇ ಕೈಕೊಡುತ್ತೆ. ‘ಕಸಿನ್’ ಅಂದರೆ ಅಣ್ಣನ ಮಗನೂ ಆಗಬಹುದು, ದೂರದ ನಂಟನೂ ಆಗಬಹುದು. ‘ಸನ್ ಇನ್ ಲಾ’ ಅಂದರೆ ಅಳಿಯ, ಇಲ್ಲವೇ ಹೆಂಡತಿಯ ಮೊದಲ ಗಂಡನ ಮಗ. ‘ನನ್ನ ಈಗಿನ ಹೆಂಡತಿ’ ಅಂತಿದ್ದ ಮಾತ್ರಕ್ಕೆ ಮೊದಲೊಬ್ಬಳಿದ್ದಳು ಅಂತ ಅರ್ಥ ಅಲ್ಲ. ದೊಡ್ಡಪ್ಪನ ಮಗನನ್ನೂ ಅಣ್ಣ ಅನ್ನೋ ನಮಗೆ ಇದು ಬೇಗ ಅರ್ಥವಾಗಬೇಕು.

ಎಲ್ಲಿ ಹುಡುಕೋದು: ಒಂದಕ್ಕಿಂತ ಹೆಚ್ಚು ಡಯೊಸೀಸ್‌ನಲ್ಲಿ (ಒಬ್ಬ ಬಿಷಪ್ಪರ ಸೀಮೆ) ಐದು ಪೌಂಡಿಗೆ ಮೇಲ್ಪಟ್ಟ ಆಸ್ತಿ ಇದ್ದರೆ ಆರ್ಚ್‌ಬಿಷಪ್ಪರ ಕೋರ್ಟು, ಕ್ಯಾಂಟರ್ಬರಿಯ ಉಯಿಲುಗಳು ಕ್ಯೂನಲ್ಲಿ ಪ್ರಾಬ್ 11 ಸರಣಿ. ಇಲ್ಲದಿದ್ದರೆ ಸ್ಥಳೀಯ ಚರ್ಚ್ ಕೋರ್ಟು. 1653ರಿಂದ 1660ರವರೆಗೆ ಎಲ್ಲವೂ ಲಂಡನ್ನಿನ ಒಂದೇ ಕೋರ್ಟಿನಲ್ಲಿ.

ಇನ್ನೂ ಹಿಂದಿನ ತಲೆಮಾರಿಗೆ ಹೋಗೋದಾದರೆ ಒಂದು ವಿಷಯ ನೆನಪಿರಲಿ. ಪಾದ್ರಿಗಳ ಮದುವೆಗೆ ಕಾನೂನು ಒಪ್ಪಿಗೆ ಸಿಕ್ಕಿದ್ದು 1549ರಲ್ಲಿ. ಮೇರಿ ರಾಣಿ ಬಂದ ಮೇಲೆ ಅದು ರದ್ದಾಯ್ತು, ಮದುವೆಯಾದವರು ಹುದ್ದೆ ಕಳಕೊಂಡರು. ಎಲಿಜಬೆತ್ ಕಾಲದಲ್ಲಿ ಮದುವೆಗೆ ಬಿಷಪ್ ಮತ್ತು ಇಬ್ಬರು ಜಸ್ಟಿಸ್ ಆಫ್ ಪೀಸ್ (ಸ್ಥಳೀಯ ನ್ಯಾಯಾಧಿಕಾರಿ) ಒಪ್ಪಿಗೆ ಬೇಕಿತ್ತು, ಕಾನೂನಿನ ಪುಸ್ತಕದಲ್ಲಿ ಸರಿಯಾದದ್ದು 1604ರಲ್ಲಿ. ಆ ನಡುವಿನ ಪಾದ್ರಿಗಳು ಉಯಿಲಿನಲ್ಲಿ ಹೆಂಡತಿ ಮಕ್ಕಳ ಹೆಸರನ್ನು ಒಬ್ಬೊಬ್ಬರದಾಗಿ ಬರೆದಿದ್ದರೆ ಬರೀ ವಾತ್ಸಲ್ಯ ಅಂದುಕೊಳ್ಳಬೇಡಿ. ಮಕ್ಕಳ ಹಕ್ಕಿನ ಬಗ್ಗೆ ಯಾರಾದರೂ ತಕರಾರು ತೆಗೆಯೋ ದಾರಿ ಇತ್ತು.

ಹಳೇಬೇರು
ಬೆಂಜಮಿನ್ ವಿಷಯ ಯಾರೂ ಹೇಳಲಿಲ್ಲ.

ಶಾನುಭೋಗ
ಬೆಂಜಮಿನ್ ಸಿಗದಿರೋದು ಸಹಜ. 1623ರಲ್ಲಿ ಲೋಥ್ರಪ್ ಎಗರ್ಟನ್ ಬಿಟ್ಟರು, ಮುಂದೆ ಲಂಡನ್ನಿನ ಸೌತ್‌ವರ್ಕ್‌ನಲ್ಲಿ ಹೆನ್ರಿ ಜೇಕಬ್ ಕಟ್ಟಿದ್ದ ಸ್ವತಂತ್ರ ಸಭೆಗೆ ಪಾಲಕರಾದರು. ಆ ಸಭೆ ಕಾನೂನಿಗೆ ವಿರುದ್ಧ, ಗುಟ್ಟಾಗಿ ಸೇರ್ತಿತ್ತು. 1632ರಲ್ಲಿ ಬ್ಲ್ಯಾಕ್‌ಫ್ರೈಯರ್ಸ್‌ನ ಒಂದು ಮನೆಯಲ್ಲಿ ಸೇರಿದ್ದಾಗ ಸಿಕ್ಕಿಬಿದ್ದು ಜೈಲಿಗೆ ಹೋದರು, ಅವರು ಒಳಗಿದ್ದಾಗಲೇ ಹಾನಾ ತೀರಿಕೊಂಡರು. ಪ್ಯಾರಿಷ್ ಚರ್ಚನ್ನೇ ಒಪ್ಪದವರು ಮಗುವನ್ನು ಅಲ್ಲಿ ಬರೆಸೋದು ಎಲ್ಲಿಂದ? ಆ ಖಾಲಿ ಜಾಗಕ್ಕೆ ಯಾವುದೋ ಊರಿನ ಯಾವುದೋ ಬೆಂಜಮಿನ್‌ನನ್ನು ತಂದು ಕೂರಿಸಿದ ವೃಕ್ಷಗಳನ್ನು ಬದಿಗಿಡಿ.

ಇಂಥ ಕಡೆ ಕೆಳಗಿನಿಂದ ಮೇಲಕ್ಕೆ, ಅಂದರೆ ಆಮೇಲಿನ ದಾಖಲೆಯಿಂದ ಹಿಂದಕ್ಕೆ ಬರಬೇಕು. ಲೋಥ್ರಪ್ 1634ರಲ್ಲಿ ಗ್ರಿಫಿನ್ ಹಡಗಿನಲ್ಲಿ ಬಾಸ್ಟನ್‌ಗೆ ಹೋಗಿ, ಸಿಚುಯೇಟ್‌ನಲ್ಲಿ ಇದ್ದು, 1639ರಲ್ಲಿ ಬಾರ್ನ್‌ಸ್ಟೇಬಲ್‌ಗೆ ಹೋದರು, ಎರಡೂ ಕಡೆ ಸಭೆಯ ದಾಖಲೆ ತಾವೇ ಬರೆದರು. 1653ರ ಅವರ ಉಯಿಲಿನಲ್ಲಿ ಹಿರಿಮಗ ಥಾಮಸ್‌ಗೆ ಬಾರ್ನ್‌ಸ್ಟೇಬಲ್‌ನ ಮನೆ, ಇಂಗ್ಲೆಂಡಿನಲ್ಲಿರೋ ಜಾನ್‌ಗೂ ಇಲ್ಲಿರೋ ಬೆಂಜಮಿನ್‌ಗೂ ಒಂದೊಂದು ಹಸು, ಐದೈದು ಪೌಂಡ್. ಜೇನ್, ಬಾರ್ಬರಾ ತಮ್ಮ ಪಾಲು ಮೊದಲೇ ಪಡೆದಿದ್ದಾರೆ ಅಂತಿದೆ. ಬೆಂಜಮಿನ್ ಇವರ ಮಗ ಅನ್ನೋದಕ್ಕೆ ದೀಕ್ಷಾಸ್ನಾನದ ಸಾಲಿಗಿಂತ ಗಟ್ಟಿ ಸಾಕ್ಷಿ ಇದು. ಹುಟ್ಟಿದ ತಾರೀಕಿನ ಜಾಗದಲ್ಲಿ ‘1626ರ ಸುಮಾರು’ ಅಂತ ಬರೆದು ಬಿಡಿ.

ಉದ್ಯಾನನಗರಿ
ನಡುವೆ ಬಾಯಿ ಹಾಕ್ತಿದ್ದೀನಿ. 19ನೇ ಶತಮಾನದಲ್ಲಿ ಬೆಂಗಳೂರು ದಂಡಿನಲ್ಲಿದ್ದ ಇಂಗ್ಲಿಷ್ ಪಾದ್ರಿಗಳ ಸಂಸಾರಕ್ಕೂ ಇದೇ ದಾರಿನಾ? ಸೇಂಟ್ ಮಾರ್ಕ್ಸ್ ಚರ್ಚಿನಲ್ಲಿ ಕೇಳಬೇಕಾ?

ಶಾನುಭೋಗ
ಮೊದಲು ಲಂಡನ್ನಿನ ಪ್ರತಿ ನೋಡಿ. ಬೆಂಗಳೂರು ಮೈಸೂರು ಸೀಮೆಯಲ್ಲಿದ್ದರೂ ದಂಡಿನ ಪಾದ್ರಿಗಳು ಮದ್ರಾಸ್ ಪ್ರೆಸಿಡೆನ್ಸಿಯವರು. ದೀಕ್ಷಾಸ್ನಾನ, ಮದುವೆ, ಸಮಾಧಿಯ ಪ್ರತಿಗಳು ಮದ್ರಾಸ್ ಮೂಲಕ ಲಂಡನ್‌ಗೆ ಹೋಗ್ತಿದ್ದವು. ಈಗ ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳಲ್ಲಿ ಎನ್/2 ಸರಣಿ. ಎನ್/1 ಬಂಗಾಳ, ಎನ್/3 ಬೊಂಬಾಯಿ. ಫೈಂಡ್‌ಮೈಪಾಸ್ಟ್ ವೆಬ್‌ಸೈಟಿನಲ್ಲಿ ಪುಟಗಳ ಚಿತ್ರಗಳಿವೆ. ಪ್ರತಿಯಲ್ಲಿ ಸಂದೇಹ ಬಂದರೆ ಆಗ ಚರ್ಚಿನ ಪುಸ್ತಕ.

ಬಯಲುಸೀಮೆ
ಹಳೇಬೇರು ಅವರಿಗೆ ಕೊನೆಯದೊಂದು. ಫ್ಯಾಮಿಲಿಸರ್ಚ್ ವೆಬ್‌ಸೈಟಿನಲ್ಲಿ ಯಾವ ನಮೂದು ಸಿಕ್ಕಿದರೂ ಬ್ಯಾಚ್ ಸಂಖ್ಯೆ ನೋಡಿ. ‘ಸಿ’, ‘ಪಿ’, ‘ಎಂ’ನಿಂದ ಶುರುವಾಗೋವು ಸಾಮಾನ್ಯವಾಗಿ ರಿಜಿಸ್ಟರಿನಿಂದ ಎತ್ತಿ ಬರೆದವು. ಸದಸ್ಯರು ತಾವೇ ಕಳಿಸಿದ ನಮೂದನ್ನು ಸುಳಿವಿನಷ್ಟೇ ಬಳಸಿ.

ಮತ್ತೆ ಒಂದು ಖಾಲಿ ಜಾಗ ಉಳಿದಿದೆ. ಮದುವೆ 1610ರ ಅಕ್ಟೋಬರ್, ಥಾಮಸ್ 1613ರ ಫೆಬ್ರವರಿ. ನಡುವೆ 28 ತಿಂಗಳು. ಆಮೇಲೆ ಬಾರ್ಬರಾವರೆಗಿನ ನಾಲ್ಕು ಮಕ್ಕಳ ನಡುವೆ ಸುಮಾರು 21 ತಿಂಗಳಿಗಿಂತ ಹೆಚ್ಚು ಅಂತರವಿಲ್ಲ. ಈಸ್ಟ್‌ವೆಲ್, ಎಗರ್ಟನ್ ಎರಡರ 1611 ಮತ್ತು 1612ರ ಸಮಾಧಿ ಪಟ್ಟಿಯನ್ನು ರಿಜಿಸ್ಟರಿನಲ್ಲೂ ಎರಡೂ ಪ್ರತಿಯಲ್ಲೂ ಸಾಲು ಬಿಡದೆ ಓದಿ. ಹೆಸರಿಲ್ಲದೆ ಬರೀ ‘ಲೋಥ್ರಪ್ ಅವರ ಮಗು’ ಅಂತ ಇದ್ದರೂ ಇರಬಹುದು. ಅಂಥ ಸಾಲು ಹೆಸರಿನ ಸೂಚಿಯಲ್ಲಿ ಸಿಗಲ್ಲ.

ಹಳೇಬೇರು
ಸರಿ. ಥಾಮಸ್ 1612/13, ಜಾನ್ 1617/18 ಅಂತ ಎರಡೂ ಇಸವಿ ಹಾಕಿ ತಿದ್ದಿದೆ. ಬೆಂಜಮಿನ್‌ನ ದೀಕ್ಷಾಸ್ನಾನ ತೆಗೆದುಹಾಕಿ ಉಯಿಲಿನ ಸಾಕ್ಷಿ ಸೇರಿಸಿದೆ. ಈಗ ಈಸ್ಟ್‌ವೆಲ್ ಸಮಾಧಿ ಪಟ್ಟಿ, 1610ರ ಅಕ್ಟೋಬರ್‌ನಿಂದ.